ತಿಂಗಳ ಆದಾಯ ನೋಡಿ ಬಡತನ ಅಳೆಯಬಹುದೇ?

ಯಾವ ತಿಂಗಳ ಆದಾಯ? ಮಲ್ಪೆ ಬಂದರಿನ ಯಾಂತ್ರಿಕ ಮೀನುಗಾರಿಕೆ ದೋಣಿಗಳು ಮಳೆಗಾಲದ ನಿಷೇಧದಿಂದಾಗಿ ಜೂನ್ 1ರಿಂದ 61 ದಿನ ದಕ್ಕೆಯಲ್ಲೇ ಲಂಗರು ಹಾಕಿರುತ್ತವೆ. ಆಗ ಕೇಳಿದರೆ ಒಂದು ಲೆಕ್ಕ, ಅಕ್ಟೋಬರಿನಲ್ಲಿ ಕೇಳಿದರೆ ಇನ್ನೊಂದು.

ನೀತಿ ಆಯೋಗದ ಬಹು ಆಯಾಮದ ಬಡತನ ಸೂಚ್ಯಂಕವು ಆದಾಯವನ್ನು ಕೇಳುವುದೇ ಇಲ್ಲ. ಆರೋಗ್ಯ, ಶಿಕ್ಷಣ, ಜೀವನಮಟ್ಟಕ್ಕೆ ಸಮಾನ ತೂಕ. ಒಟ್ಟು 12 ಸೂಚಕಗಳು. ಕೊರತೆಗಳ ತೂಕದ ಮೊತ್ತ ಮೂರನೇ ಒಂದು ಭಾಗ ಮುಟ್ಟಿದರೆ ಆ ಮನೆ ಬಡವರದು. ಸೌದೆ ಒಲೆಗೆ ಬರೀ 21ನೇ ಒಂದು ಭಾಗ. ಆದರೆ ಏಳನೇ ತರಗತಿಯ ಹುಡುಗ ಶಾಲೆ ಬಿಟ್ಟು ಮೀನು ವಿಂಗಡಿಸಲು ಹೋದರೆ ಆರನೇ ಒಂದು. ಪುಟ್ಟ ತಂಗಿಗೆ ಅಪೌಷ್ಟಿಕತೆಯಿದ್ದರೆ ಮತ್ತೆ ಆರನೇ ಒಂದು. ಅಲ್ಲಿಗೆ ಗಡಿ ಮುಟ್ಟಿತು, ಹೆಂಚಿನ ಮನೆ, ಗ್ಯಾಸ್, ನಲ್ಲಿ ನೀರು ಎಲ್ಲವೂ ಇದ್ದರೂ. ನನ್ನದೊಂದು ತಕರಾರು: ಬ್ಯಾಂಕ್ ಖಾತೆ ಇದೆಯೇ ಎಂದು ನೋಡುವ ಈ ಸೂಚ್ಯಂಕ ಸಾಲವೆಷ್ಟಿದೆ ಎಂದು ನೋಡುವುದಿಲ್ಲ.