ರ‍್ಯಾಂಪಾ, ಲಿಫ್ಟಾ? ಮೊದಲು ಟೇಪು ಹಿಡಿಯಿರಿ

ತಂಗಿ ಮೋಟಾರ್ ವೀಲ್‌ಚೇರ್ ಬಳಸುತ್ತಾಳೆ, ಅವಳು ಕುರ್ಚಿಯಿಂದ ಇಳಿಯದೆ ಪ್ರಯಾಣ ಮಾಡೋ ಹಾಗೆ ಗಾಡಿ ಮಾಡಿಸಬೇಕು, ರ‍್ಯಾಂಪ್ ಒಳ್ಳೆಯದೋ, ಕುರ್ಚಿ ಸಮೇತ ಮೇಲೆತ್ತುವ ಲಿಫ್ಟೋ ಅಂತ ಕೇಳಿದ್ದೀರಿ. ನಾನೂ ವೀಲ್‌ಚೇರ್‌ನವನೇ. ಎರಡು ಗಾಡಿ ಮಾಡಿಸಿದ್ದೇನೆ, ಮೊದಲನೆಯದರಲ್ಲಿ ಎಡವಿದ್ದೇನೆ. ಅದಕ್ಕೇ ಹೇಳೋದು: ಗಾಡಿ ನೋಡೋಕೆ ಹೋಗುವ ಮೊದಲು ಮನೆಯಲ್ಲೇ ಟೇಪು ಹಿಡಿಯಿರಿ.

ತಂಗಿ ಕುರ್ಚಿಯಲ್ಲಿ ಕೂತಿರುವಾಗ ನೆಲದಿಂದ ನೆತ್ತಿಯವರೆಗೆ ಅಳೆಯಿರಿ. ಕುರ್ಚಿಯ ಅಗಲ, ಕಾಲ್ಬೆರಳಿನ ತುದಿಯಿಂದ ಹಿಂದಿನ ಗಾಲಿಯವರೆಗಿನ ಉದ್ದ, ಬ್ಯಾಟರಿ ಸೇರಿದ ತೂಕ, ಇಷ್ಟೂ ಬರೆದಿಟ್ಟುಕೊಳ್ಳಿ. ನಾವು ಬಾಗಿಲಿನ ಎತ್ತರ ನೋಡಿರಲಿಲ್ಲ. ಕುರ್ಚಿ ಸಲೀಸಾಗಿ ಒಳಗೆ ಹೋಯಿತು, ನನ್ನ ತಲೆ ಹೋಗಲಿಲ್ಲ. ಪ್ರತಿ ಸಲ ಗದ್ದ ಎದೆಗೆ ಒತ್ತಿಕೊಂಡು ನಾನು, ಹಿಂದಿನಿಂದ "ಬಗ್ಗು, ಇನ್ನೂ ಬಗ್ಗು" ಅಂತ ಅಣ್ಣ. ಒಳಗೆ ಹೋದ ಮೇಲೂ ಕಿಟಕಿಯ ಮೇಲಂಚು ಕಣ್ಣಿಗಿಂತ ಕೆಳಗೆ. ದಾರಿಯುದ್ದಕ್ಕೂ ನನಗೆ ಕಾಣುತ್ತಿದ್ದದ್ದು ಪಕ್ಕದ ಗಾಡಿಗಳ ಚಕ್ರ. ನೆಲ ತಗ್ಗಿಸಿದ ಗಾಡಿ ಯಾಕೆ ಬೇಕು ಅಂತ ಆಗ ಅರ್ಥವಾಯಿತು.

ರ‍್ಯಾಂಪಿನ ಲೆಕ್ಕ ಸುಲಭ. ಕಟ್ಟಡಗಳಿಗೆ ಹೇಳುವ ಇಳಿಜಾರು 1:12, ಅಂದರೆ 30 ಸೆಂ.ಮೀ. ಎತ್ತರಕ್ಕೆ 3.6 ಮೀಟರ್ ಉದ್ದ. ಅಷ್ಟುದ್ದದ ಹಲಗೆಯನ್ನು ಗಾಡಿಯಲ್ಲಿ ಯಾರು ಹೊರುತ್ತಾರೆ? ಹಾಗಾಗಿ ಗಾಡಿ ರ‍್ಯಾಂಪ್‌ಗಳು ಇದಕ್ಕಿಂತ ಕಡಿದಾಗಿಯೇ ಇರುತ್ತವೆ. 1:6 ಇಟ್ಟರೂ 30 ಸೆಂ.ಮೀ.ಗೆ 1.8 ಮೀಟರ್ ಬೇಕು, 60 ಸೆಂ.ಮೀ.ಗೆ ಮತ್ತೆ ಅದೇ 3.6 ಮೀಟರ್. ನೆಲ ತಗ್ಗಿಸಿದ್ದರೆ ರ‍್ಯಾಂಪ್, ನೆಲ ಎತ್ತರದಲ್ಲೇ ಉಳಿದರೆ ಲಿಫ್ಟ್, ಇದು ನನ್ನ ಅಭಿಪ್ರಾಯ. ಎಷ್ಟು ಭಾರ ತಡೆಯುತ್ತದೆ ಅಂತ ಕೇಳುವಾಗ ಕುರ್ಚಿ, ತಂಗಿ ಇಬ್ಬರನ್ನೇ ಕೂಡಿಸಬೇಡಿ. ಹಿಂದಿನಿಂದ ತಳ್ಳುವವರೂ ರ‍್ಯಾಂಪ್ ಮೇಲೆಯೇ ನಿಂತಿರುತ್ತಾರೆ.

ಹಿಂಬಾಗಿಲಾದರೆ ನೇರ ಒಳಗೆ, ತಿರುಗಿಸುವ ತಾಪತ್ರಯವಿಲ್ಲ, ಆದರೆ ಸಾಮಾನ್ಯವಾಗಿ ಹಿಂದೆಯೇ ಕೂರಬೇಕು. ಪಕ್ಕದ ಬಾಗಿಲಾದರೆ ಮುಂದಿನ ಸೀಟಿನ ಜಾಗಕ್ಕೂ ಹೋಗಬಹುದು. ಪಕ್ಕದಲ್ಲಿ ಯಾರಾದರೂ ಒತ್ತಿ ಗಾಡಿ ನಿಲ್ಲಿಸಿ ಹೋದರೆ ಮಾತ್ರ ಅವರು ಬರುವವರೆಗೆ ಕಾಯುವುದೇ ಕೆಲಸ.

ಇನ್ನು ನೀವು ಕೇಳದೇ ಇರುವ, ಆದರೆ ಎಲ್ಲಕ್ಕಿಂತ ಮುಖ್ಯವಾದ ಮಾತು: ಕುರ್ಚಿಯನ್ನು ಗಾಡಿಯ ನೆಲಕ್ಕೆ ಕಟ್ಟುವುದು. ಕುರ್ಚಿ ಮುಂದಕ್ಕೆ ಮುಖ ಮಾಡಿರಬೇಕು. ಮುಂದೆ ಎರಡು, ಹಿಂದೆ ಎರಡು ಪಟ್ಟಿ. ಕೊಕ್ಕೆ ಬೀಳಬೇಕಾದ್ದು ಕುರ್ಚಿಯ ಗಟ್ಟಿ ಚೌಕಟ್ಟಿಗೆ. ಗಾಲಿಗೋ ಕಾಲಿಡುವ ಹಲಗೆಗೋ ಹಾಕಿದರೆ ಕಟ್ಟದ ಹಾಗೆಯೇ. ಗಾಡಿಯಲ್ಲಿ ಸೀಟಾಗಿ ಬಳಸುವ ಕುರ್ಚಿಗಳಿಗೆಂದೇ ಐಎಸ್ಒ 7176-19 ಅನ್ನುವ ಅಂತರರಾಷ್ಟ್ರೀಯ ಮಾನದಂಡವಿದೆ, ಅದರಲ್ಲಿ ಗಂಟೆಗೆ ಸುಮಾರು 48 ಕಿ.ಮೀ. ವೇಗದ ಮುಂಭಾಗದ ಡಿಕ್ಕಿಯ ಪರೀಕ್ಷೆ ಆಗುತ್ತದೆ. ತಂಗಿಯ ಕುರ್ಚಿ ಅದನ್ನು ದಾಟಿದೆಯೇ ಅಂತ ಕೈಪಿಡಿಯಲ್ಲಿ ನೋಡಿ. ದಾಟಿದ್ದರೆ ಕೊಕ್ಕೆ ಹಾಕುವ ನಾಲ್ಕು ಜಾಗಕ್ಕೂ ಗುರುತು ಇರುತ್ತದೆ.

ಕುರ್ಚಿ ಕಟ್ಟಿದರೆ ಮುಗಿಯಲಿಲ್ಲ, ತಂಗಿಗೆ ಬೇರೆ ಬೆಲ್ಟ್ ಬೇಕು. ಕುರ್ಚಿಯ ಸೊಂಟಪಟ್ಟಿ ನೆಟ್ಟಗೆ ಕೂರಿಸಲಿಕ್ಕೆ ಇರೋದು, ಡಿಕ್ಕಿಯಲ್ಲಿ ತಡೆಯಲಿಕ್ಕಲ್ಲ. ಗಾಡಿಯ ಬೆಲ್ಟನ್ನು ಜನ ಕೈಯಾಸರೆಯ ಮೇಲಿಂದ ಎಳೆದು ಹಾಕಿಬಿಡುತ್ತಾರೆ. ನನಗೂ ಹಾಗೇ ಹಾಕುತ್ತಿದ್ದರು. ಒಂದು ಸಣ್ಣ ಬ್ರೇಕಿಗೆ ಮುಂದಕ್ಕೆ ಜಾರಿದಾಗ ಗೊತ್ತಾಯಿತು: ಬೆಲ್ಟಿಗೂ ನನ್ನ ಸೊಂಟಕ್ಕೂ ನಡುವೆ ಒಂದು ಮುಷ್ಟಿ ಜಾಗ! ಕೈಯಾಸರೆಯ ಕೆಳಗಿನಿಂದ ತೂರಿಸಿ, ಸೊಂಟದ ಮೂಳೆಗೆ ತಾಗುವಂತೆ ಹಾಕಿಸಿ. ಮಡಿಲ ಮೇಲಿನ ಟ್ರೇ ಬಿಚ್ಚಿಡಿ.

ಮಾರ್ಪಾಡಿಗೆ ನೋಂದಣಿ ಕಚೇರಿಯ ಒಪ್ಪಿಗೆ, ವಿಮೆಯವರಿಗೆ ತಿಳಿಸುವುದು, ಇವೆರಡನ್ನೂ ಕೆಲಸ ಶುರುವಾಗುವ ಮುಂಚೆಯೇ ವಿಚಾರಿಸಿಕೊಳ್ಳಿ.

ಲಿಫ್ಟನ್ನೇ ಆರಿಸಿದರೆ, ಕರೆಂಟ್ ಕೈಕೊಟ್ಟಾಗ ಕೈಯಲ್ಲಿ ಇಳಿಸುವುದು ಹೇಗೆ ಅಂತ ಗಾಡಿ ಕೈಗೆ ಬಂದ ದಿನವೇ ಮಾಡಿ ನೋಡಿ. ಒಮ್ಮೆ ನನ್ನ ಲಿಫ್ಟ್ ಅಲುಗಾಡಲಿಲ್ಲ, ಒಂದು ಗಂಟೆ ಒಳಗೇ ಕೂತಿದ್ದೆ. ಕೈಯಲ್ಲಿ ಇಳಿಸುವ ಪಂಪಿನ ಹಿಡಿ ಅಷ್ಟು ಹೊತ್ತೂ ಡ್ರೈವರ್ ಸೀಟಿನ ಕೆಳಗೇ ಇತ್ತು, ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚಿರಲಿಲ್ಲ.