ಅಮ್ಮನ ಒಡವೆ ಬೀರುವಿನಲ್ಲೇ ಇರಲಿ

ಮೂಡಿಗೆರೆ ಕಡೆಯ ಓದುಗರೇ, ನಿಮ್ಮ ನಾಲ್ಕು ಪುಟದ ಪತ್ರ ಓದಿದೆ. ಮನೆಯ ರೋಬಸ್ಟಾ ಕಾಫಿಯನ್ನು ಚೆರ್ರಿಯಾಗಿಯೇ, ಅಂದರೆ ಸಿಪ್ಪೆ ಸಮೇತ ಒಣಗಿಸಿ, ವ್ಯಾಪಾರಿಗೆ ಕೊಡುವ ಬದಲು ನೀವೇ ಹುರಿದು, ಪುಡಿ ಮಾಡಿ, ಚಿಕ್ಕಮಗಳೂರಿನಲ್ಲಿ ಅಂಗಡಿ ಇಡಬೇಕು ಅಂತ ಆಸೆ. ತೋಟ ಅಡ ಇಡಲು ಅಪ್ಪ ಒಪ್ಪುತ್ತಿಲ್ಲ, ಅಮ್ಮ ಒಡವೆ ಕೊಡುತ್ತೇನೆ ಅನ್ನುತ್ತಿದ್ದಾರೆ. ಅಪ್ಪನನ್ನು ಒಪ್ಪಿಸುವುದು ಹೇಗೆ ಅಂತ ಕೇಳಿದ್ದೀರಿ.

ಬೇಜಾರಾಗಬೇಡಿ, ನಾನು ಅಪ್ಪನ ಕಡೆ.

ಪತ್ರದಲ್ಲಿ ತಂಗಿಯ ಬಗ್ಗೆ ಒಂದೇ ಸಾಲಿದೆ, 'ಮದುವೆಯಾಗಿ ಅರಸೀಕೆರೆಯಲ್ಲಿದ್ದಾಳೆ' ಅಂತ. ತೋಟ ಪಿತ್ರಾರ್ಜಿತ ಅಂತಲೂ ನೀವೇ ಬರೆದಿದ್ದೀರಿ. ಹಾಗಿದ್ದರೆ ಪಹಣಿಯಲ್ಲಿ ಅಪ್ಪನ ಹೆಸರೊಂದೇ ಇದ್ದರೂ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಪ್ರಕಾರ ಅವಳಿಗೂ ನಿಮ್ಮಷ್ಟೇ ಹಕ್ಕಿದೆ. ಬ್ಯಾಂಕಿನವರು ಸಹಿ ಕೇಳಿದಾಗ ಓಡಿಹೋಗಿ ಕಾಗದ ಹಿಡಿಯುವ ಬದಲು ಈಗಲೇ ಒಂದು ಭಾನುವಾರ ಊಟಕ್ಕೆ ಕರೆಸಿ.

ಇನ್ನು ಲೆಕ್ಕ. 50 ಕೆಜಿ ಮೂಟೆಗೆ ಔಟ್‌ಟರ್ನ್ 26 ಹಿಡಿದಿದ್ದೀರಿ, ಅಂದರೆ ಸಿಪ್ಪೆ ತೆಗೆದ ಮೇಲೆ ಸಿಗುವ ಬೀಜ 26 ಕೆಜಿ. ಅದು ಸರಿ. ಆ 26 ಕೆಜಿ ಬೀಜವನ್ನೂ ಪುಡಿ ಅಂತ ಮಾರಿಬಿಟ್ಟಿದ್ದೀರಲ್ಲ! ಹುರಿದರೆ ನೂರಕ್ಕೆ 15ರಿಂದ 20ರಷ್ಟು ತೂಕ ಇಳಿಯುತ್ತದೆ. ಕೈಗೆ ಸಿಗುವುದು 21-22 ಕೆಜಿ, ಅಷ್ಟೆ. ಸ್ವಂತ ಉದ್ದಿಮೆಯ ಸಾಲಕ್ಕೆ ಕೇಂದ್ರ ಸರ್ಕಾರ ಕೊಡುವ ಪಿಎಂಇಜಿಪಿ ಸಬ್ಸಿಡಿಯೂ ನೇರ ಕೈಗೆ ಬರುವುದಿಲ್ಲ, ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿ ಕೂತಿರುತ್ತದೆ.

ಅಪ್ಪನ ಭಯ ಬೇರೆಯೇ ಇರಬೇಕು. ಕುಯ್ಲು ಮುಗಿದ ಮೇಲೆ ವರ್ಷಕ್ಕೊಮ್ಮೆ ಬರುವ ದುಡ್ಡಲ್ಲೇ ಆಳುಗಳ ಬಟವಾಡೆ, ಗೊಬ್ಬರ, ಮಳೆಗೆ ಮುಂಚಿನ ಬೋರ್ಡೋ ಔಷಧಿ ಸಿಂಪಡಣೆ, ಮನೆ ಖರ್ಚು ಎಲ್ಲ ಆಗಬೇಕು. ನೀವು ಬೀಜ ಮಾರದೆ ಗೋದಾಮಿನಲ್ಲಿಟ್ಟು ವರ್ಷವಿಡೀ ಚೂರುಚೂರು ಹುರಿಯುತ್ತಾ ಹೋದರೆ ಆ ದುಡ್ಡೂ ಚೂರುಚೂರೇ ಬರುತ್ತದೆ, ಅದೂ ಹೋಟೆಲಿನವರು ಕೊಟ್ಟರೆ. ಹಾಸನದಲ್ಲಿ ನಮ್ಮ ಚಿಕ್ಕಪ್ಪನ ಪುಡಿ ಅಂಗಡಿಗೆ ಗಿರಾಕಿಗಳು ಕಮ್ಮಿಯೇನೂ ಇರಲಿಲ್ಲ. ಅಂಗಡಿ ಮುಚ್ಚಿ ಎಷ್ಟೋ ವರ್ಷವಾಯಿತು, ಗಿರಾಕಿಗಳು ಕೊಡಬೇಕಾದ ಸಾಲದ ಪುಸ್ತಕ ಇನ್ನೂ ಅಟ್ಟದ ಮೇಲಿದೆ.

ಹಾಗಾಗಿ ಅಪ್ಪನ ಹತ್ತಿರ ತೋಟ ಕೇಳಬೇಡಿ, ನಾಲ್ಕು ಮೂಟೆ ಚೆರ್ರಿ ಕೇಳಿ. ಸುಮ್ನೆ ಅಲ್ಲ, ಅವತ್ತಿನ ಮಾರ್ಕೆಟ್ ರೇಟಿಗೆ, ಪುಸ್ತಕದಲ್ಲಿ ಬರೆದಿಟ್ಟು. ಬಾಡಿಗೆಗೆ ಹುರಿದುಕೊಡುವವರ ಹತ್ತಿರ ಹುರಿಸಿ. ಚಿಕೋರಿ ಸೇರಿಸಿದರೆ ನೂರಕ್ಕೆ ಎಷ್ಟು ಅಂತ ಪ್ಯಾಕೆಟ್ ಮೇಲೆ ಹಾಕಿ, 49 ದಾಟುವಂತಿಲ್ಲ. ಲೈಸೆನ್ಸಿನ ಕೆಲಸವನ್ನೂ ಮೊದಲೇ ಮುಗಿಸಿಕೊಳ್ಳಿ.

ನಾಲ್ಕು ಮೂಟೆ ಖಾಲಿಯಾದ ಮೇಲೆ ಮತ್ತೆ ಬರೆಯಿರಿ. ಎಷ್ಟು ಲಾಭ ಬಂತು ಅನ್ನುವುದಕ್ಕಿಂತ, ನೆಂಟರಲ್ಲದವರು ಎಷ್ಟು ಜನ ಎರಡನೇ ಸಲ ಬಂದು ಕೊಂಡರು ಅಂತ ತಿಳಿಸಿ.

- ಸಂಪಾದಕಿ