ಕತಾರ್‌ನಲ್ಲಿ ಈಗ ಎನ್‌ಒಸಿ (ಹಳೇ ಕಂಪನಿಯ ಒಪ್ಪಿಗೆ ಪತ್ರ) ಬೇಡವಲ್ಲ, ರಾಜೀನಾಮೆ ಕೊಟ್ಟು ಬೇರೆ ಕಂಪನಿ ಸೇರಬಹುದಾ?

ತಡೀರಿ, ಇನ್ನೂ ಕೊಡಬೇಡಿ. ನಾಲ್ಕು ವರ್ಷ ಆಯಿತು, ಆಫರ್ ಕೈಯಲ್ಲಿದೆ, ಇನ್ನು ಕಫೀಲ್‌ಗೆ, ಅಂದರೆ ವೀಸಾ ಕೊಟ್ಟ ಮಾಲೀಕನಿಗೆ, ಹೆದರುವುದೇನು ಅಂತ ಬರೆದಿದ್ದೀರಿ. ಇದೇ ಮಾತನ್ನು ನಾನೂ ದೋಹಾದ ಕೈಗಾರಿಕಾ ಪ್ರದೇಶ ಸನಯ್ಯಾದ ಕಾರ್ಮಿಕರ ಕ್ಯಾಂಪಿನಲ್ಲಿ ಎಲ್ಲರ ಮುಂದೆ ಹೇಳಿಕೊಂಡು ತಿರುಗುತ್ತಿದ್ದೆ.

2020ರ ಆಗಸ್ಟ್ ಕೊನೆಗೆ ಎನ್‌ಒಸಿ ತೆಗೆದರು. ನಾನಾಗ ಎಸಿ ರಿಪೇರಿ ಕೆಲಸದಲ್ಲಿದ್ದೆ. ಓವರ್‌ಟೈಮ್ ದುಡ್ಡು ಕೇಳಿದರೆ ಮುಂದಿನ ತಿಂಗಳು ಅನ್ನುತ್ತಿದ್ದರು. ಬೇರೆ ಕಡೆಯಿಂದ ಆಫರ್ ಲೆಟರ್ ಬಂದದ್ದೇ ತಡ, ರಾಜೀನಾಮೆ ಬರೆದು ಆಫೀಸಿಗೆ ಕೊಟ್ಟೆ. ಮ್ಯಾನೇಜರ್ ಓದಿದ, ಡ್ರಾಯರಿಗೆ ಹಾಕಿದ, 'ಓಕೆ ಓಕೆ' ಅಂದ. ನೋಟಿಸ್ ಅವಧಿ ಪೂರ್ತಿ ದುಡಿದೆ. ಮಾರನೇ ದಿನವೇ ಹೊಸ ಕಂಪನಿಯ ವ್ಯಾನ್ ಹತ್ತಿದೆ.

ಎಡವಿದ್ದು ಎಲ್ಲಿ ಅಂತ ಬಿಡಿಸಿ ಹೇಳುತ್ತೇನೆ, ಉದ್ದ ಆದರೂ ಓದಿ. ನೋಟಿಸ್ ಅಂದರೆ ಕಂಪನಿಗೆ ಕೊಡುವ ಚೀಟಿ ಅಂದುಕೊಂಡಿದ್ದೆ. ಅಲ್ಲ. ಅದನ್ನು ಕಾರ್ಮಿಕ ಸಚಿವಾಲಯದ ಆನ್‌ಲೈನ್ ವ್ಯವಸ್ಥೆಯಲ್ಲಿ ಹಾಕಬೇಕು. ಸಚಿವಾಲಯದಿಂದ ಎಸ್‌ಎಂಎಸ್ ಬರಬೇಕು. ಆಮೇಲೆ ಹೊಸ ಕಂಪನಿ ಕಾಂಟ್ರಾಕ್ಟ್ ದೃಢೀಕರಿಸಿ, ನಿಮ್ಮ ಹೆಸರಿಗೆ ಹೊಸ ಕತಾರ್ ಐಡಿ (ಅಲ್ಲಿ ವಾಸಕ್ಕೆ ಬೇಕಾದ ಗುರುತಿನ ಚೀಟಿ) ಮಾಡಿಸಬೇಕು. ಇಷ್ಟೂ ಆಗುವ ತನಕ ಸರ್ಕಾರದ ಲೆಕ್ಕದಲ್ಲಿ ನೀವು ಹಳೇ ಕಂಪನಿಯವರೇ. ನನ್ನದು ಸಿಸ್ಟಮ್‌ನಲ್ಲಿ ಒಂದಕ್ಷರ ಇರಲಿಲ್ಲ. ಡ್ರಾಯರಿನಲ್ಲಿದ್ದ ಚೀಟಿಗೆ ಸೀಲ್ ಇಲ್ಲ, ಕಾಪಿ ಇಲ್ಲ. ಮೊಬೈಲ್‌ನಲ್ಲಿ ಒಂದು ಫೋಟೋ ತೆಗೆದಿಟ್ಟಿದ್ದರೂ ತೋರಿಸೋಕೆ ಏನಾದರೂ ಇರುತ್ತಿತ್ತು. ಹಳೇ ಕಂಪನಿಯವರು ನನ್ನ ಮೇಲೆ ಅಬ್ಸ್‌ಕಾಂಡಿಂಗ್ ಕೇಸ್ ಹಾಕಿದರು, ಅಂದರೆ ಆಳು ಓಡಿಹೋಗಿದ್ದಾನೆ ಅಂತ ದೂರು. ಹೊಸಬರು ಕೈತೊಳೆದುಕೊಂಡರು. ಬಾಕಿ ಸಂಬಳ, ಗ್ರಾಚ್ಯುಟಿ ಎರಡನ್ನೂ ಬಿಟ್ಟು ಊರಿಗೆ ಬಂದೆ.

ಈಗ ಬಿಡಲಾ, ಕಾಂಟ್ರಾಕ್ಟ್ ಮುಗಿಸಲಾ ಅಂತ ಕೇಳಿದ್ದೀರಿ. ಅದಲ್ಲ ವಿಷಯ. ಎನ್‌ಒಸಿ ಹೋದರೆ ಕಫಾಲಾ, ಅಂದರೆ ಕೆಲಸಗಾರನನ್ನು ಕಫೀಲ್‌ಗೆ ಕಟ್ಟಿಹಾಕುವ ಪದ್ಧತಿ, ಹೋದ ಹಾಗೆ ಅಂತ ನಂಬಿಕೊಂಡಿದ್ದೀರಲ್ಲ, ತಪ್ಪು ಅಲ್ಲಿದೆ. ಕಾನೂನು ಸುಧಾರಿಸಿದ್ದು ಸುಳ್ಳಲ್ಲ. 2018ರಲ್ಲಿ ಬಹುತೇಕ ಕೆಲಸಗಾರರಿಗೆ ಎಕ್ಸಿಟ್ ಪರ್ಮಿಟ್, ಅಂದರೆ ದೇಶ ಬಿಡಲು ಕಂಪನಿಯಿಂದ ಪಡೆಯಬೇಕಿದ್ದ ಅನುಮತಿ, ತೆಗೆದರು. 2021ರ ಮಾರ್ಚ್‌ನಿಂದ ಕನಿಷ್ಠ ಮೂಲವೇತನ 1,000 ರಿಯಾಲ್, ಊಟ ಕೊಡದಿದ್ದರೆ ಮೇಲೆ 300, ರೂಮ್ ಕೊಡದಿದ್ದರೆ 500. ಆದರೆ ಐಡಿ ರಿನ್ಯೂ ಮಾಡುವುದು, ಕ್ಯಾನ್ಸಲ್ ಮಾಡುವುದು, ಓಡಿಹೋದ ಅಂತ ದೂರು ಕೊಡುವುದು ಎಲ್ಲಾ ಕಂಪನಿ ಕೈಯಲ್ಲೇ ಉಳಿಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಕೆಲಸದ ಪರ್ಮಿಟ್ ಕೆಲಸಗಾರನ ಹೆಸರಲ್ಲೇ ಇರಬೇಕು, ಆ ದೂರು ಕೊಡುವ ಅಧಿಕಾರವನ್ನೇ ಕಿತ್ತುಹಾಕಬೇಕು ಅನ್ನುವುದು ನನ್ನ ವಾದ. ಬಹ್ರೇನ್ 2017ರಲ್ಲಿ ಕಫೀಲ್ ಇಲ್ಲದ ಫ್ಲೆಕ್ಸಿ ಪರ್ಮಿಟ್ ತಂದಿತ್ತು. ಅದರ ಫೀಸು ಕೆಲಸಗಾರನ ತಲೆ ಮೇಲೆ. 2022ರಲ್ಲಿ ಅದನ್ನೂ ನಿಲ್ಲಿಸಿದರು.

ನಿಮ್ಮದು ಎರಡು ವರ್ಷ ದಾಟಿದೆ, ಹಾಗಾಗಿ ನೋಟಿಸ್ ಎರಡು ತಿಂಗಳು. ಆನ್‌ಲೈನ್‌ನಲ್ಲೇ ಹಾಕಿ, ಪ್ರತಿ ಪುಟದ ಸ್ಕ್ರೀನ್‌ಶಾಟ್ ತೆಗೆದು ಮನೆಯವರಿಗೂ ಕಳಿಸಿ. ಪಾಸ್‌ಪೋರ್ಟ್ ಕಂಪನಿ ಹತ್ತಿರ ಇದ್ದರೆ ಮೊದಲು ಇಸ್ಕೊಳ್ಳಿ, ನೀವು ಬರೆದು ಕೊಡದೆ ಅವರು ಅದನ್ನು ಇಟ್ಟುಕೊಳ್ಳುವಂತಿಲ್ಲ. ಸಂಬಳ ಜಾಸ್ತಿ ಕೊಡುತ್ತೇವೆ, ಐಡಿ ಆಮೇಲೆ ನೋಡೋಣ, ನಾಳೆಯೇ ಬಾ ಅಂತ ಹೊಸ ಕಂಪನಿ ಅವಸರ ಮಾಡಿದರೆ ಆ ಆಫರ್ ಬಿಟ್ಟುಬಿಡಿ.